ಕಾರಿನೊಳಗಿನ ಹುಡುಗ, ಫುಟ್‌ಪಾತ್ ಮೇಲಿನ ಮಂದಿ

ಹಳೇ ಅಮೆರಿಕನ್ ಸಿನಿಮಾ ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ನೆನಪಾಗೋದು ಒಂದೇ ಚಿತ್ರ: ಉದ್ದನೆ ರಸ್ತೆ, ಹೊಳೆಯುವ ಕಾರು, ಯಾರ ಮಾತೂ ಕೇಳದ ಹುಡುಗ. ಈ ಚಿತ್ರ ಎಲ್ಲಿಂದ ಬಂತು, ಅದರಲ್ಲಿ ಯಾರು ಕಾಣಿಸೋದಿಲ್ಲ ಅಂತ ಸ್ವಲ್ಪ ನೋಡೋಣ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ದುಡ್ಡು ಓಡಾಡತೊಡಗಿತು. ಸೆಕೆಂಡ್ ಹ್ಯಾಂಡ್ ಕಾರು ಹೈಸ್ಕೂಲ್ ಹುಡುಗರ ಕೈಗೂ ಎಟುಕಿತು. ಮನೆಯಲ್ಲಿ ಅಪ್ಪನ ಮಾತು, ಶಾಲೆಯಲ್ಲಿ ಮಾಸ್ತರರ ಮಾತು. ಕಾರು ಹತ್ತಿದರೆ ಮಾತ್ರ ತಾನೇ ಯಜಮಾನ. ‘ರೆಬೆಲ್ ವಿದೌಟ್ ಎ ಕಾಸ್’ ಸಿನಿಮಾದಲ್ಲಿ ಇಬ್ಬರು ಹುಡುಗರು ಕದ್ದ ಕಾರುಗಳನ್ನು ಪ್ರಪಾತದ ಕಡೆ ಓಡಿಸುತ್ತಾರೆ. ಮೊದಲು ಹೊರಗೆ ಜಿಗಿದವನು ಹೇಡಿ. ಒಬ್ಬನ ಜಾಕೆಟ್ ತೋಳು ಬಾಗಿಲಿಗೆ ಸಿಕ್ಕಿ, ಕಾರಿನ ಜೊತೆ ಅವನೂ ಕೆಳಗೆ ಬೀಳುತ್ತಾನೆ. ಇದರ ನಾಯಕ ಜೇಮ್ಸ್ ಡೀನ್, ಸಿನಿಮಾ ತೆರೆಗೆ ಬರುವ ಮೊದಲೇ, 1955ರ ಸೆಪ್ಟೆಂಬರ್ 30ರಂದು, ತನ್ನ ಪೋರ್ಷೆ ಕಾರಿನ ಅಪಘಾತದಲ್ಲಿ ತೀರಿಕೊಂಡ. ಆಗ ಅವನಿಗೆ 24 ವರ್ಷ.

ಮುಂದೆ 1973ರಲ್ಲಿ ಬಂದ ಎರಡು ಸಿನಿಮಾ ಈ ಕಾಲವನ್ನು ನೆನಪಿನ ಕಣ್ಣಿಂದ ನೋಡಿದವು. ‘ಅಮೆರಿಕನ್ ಗ್ರಫಿಟಿ’ 1962ರ ಒಂದು ರಾತ್ರಿಯ ಕಥೆ. ರೇಡಿಯೋ ಹಾಡು ಕೇಳುತ್ತ ಊರು ಸುತ್ತುವ ಹುಡುಗರು, ಬೆಳಗಿನ ಜಾವ ಒಂದು ರೇಸ್. ಕಾರು ಪಲ್ಟಿಯಾಗಿ ಹೊತ್ತಿ ಉರಿದರೂ ಒಳಗಿದ್ದವರು ಎದ್ದು ಬರುತ್ತಾರೆ. ಆದರೆ ಕೊನೆಯಲ್ಲಿ ತೆರೆ ಮೇಲೆ ಬರುವ ಸಾಲುಗಳು ಲೆಕ್ಕ ಚುಕ್ತಾ ಮಾಡುತ್ತವೆ: ರೇಸ್ ಗೆದ್ದವನು 1964ರಲ್ಲಿ ಕುಡಿದು ಕಾರು ಓಡಿಸಿದವನೊಬ್ಬನಿಗೆ ಬಲಿ, ಅವನ ಗೆಳೆಯನೊಬ್ಬ ವಿಯೆಟ್ನಾಂ ಯುದ್ಧದಲ್ಲಿ ನಾಪತ್ತೆ. ‘ಬ್ಯಾಡ್‌ಲ್ಯಾಂಡ್ಸ್’ 1958ರ ನಿಜವಾದ ಕೊಲೆಗಳ ಎಳೆ ಹಿಡಿದದ್ದು. ಡೀನ್‌ನಂತೆ ಕಾಣುವ ಹುಡುಗ, ಹುಡುಗಿಯನ್ನು ಕರಕೊಂಡು, ಕೊಲ್ಲುತ್ತ ಊರು ದಾಟುತ್ತಾನೆ. ನೋಡಿ ಮುಗಿದ ಮೇಲೆ ನಮ್ಮ ಮನಸ್ಸಿನಲ್ಲಿ ಉಳಿಯೋದು ಆ ಜೋಡಿ, ಆ ಬಯಲು. ಸತ್ತವರ ಮುಖ ನೆನಪಿಗೇ ಬರೋದಿಲ್ಲ.

ಯಾಕಂದ್ರೆ ಕ್ಯಾಮೆರಾ ಹೆಚ್ಚಾಗಿ ಕಾರಿನೊಳಗಿನವರ ಜೊತೆಗೇ ಇರುತ್ತದೆ. ಕನ್ನಡದಲ್ಲಿ ಶಂಕರ್‌ನಾಗ್ ಅದನ್ನು ರಸ್ತೆಗೆ ಇಳಿಸಿದರು. 1985ರ ‘ಆಕ್ಸಿಡೆಂಟ್’ನಲ್ಲಿ ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ಹತ್ತಿಸುತ್ತಾನೆ. ಅಪ್ಪ ಕೇಸು ಮುಚ್ಚಲು ನೋಡುತ್ತಾನೆ, ಪತ್ರಕರ್ತನೊಬ್ಬ ಬಿಡುವುದಿಲ್ಲ. ಅಪ್ಪನಾಗಿ ಅನಂತ್‌ನಾಗ್, ಪತ್ರಕರ್ತನಾಗಿ ಶಂಕರ್. ಅದೇ ಹುಡುಗ, ಅದೇ ವೇಗ. ಆದರೆ ಇಲ್ಲಿ ಸತ್ತವರ ಕಡೆಯಿಂದ ಪ್ರಶ್ನೆ ಕೇಳುವವರಿದ್ದಾರೆ. ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

1990ರ ಸೆಪ್ಟೆಂಬರ್ 30ರಂದು, ಡೀನ್ ಸತ್ತು ಸರಿಯಾಗಿ 35 ವರ್ಷಕ್ಕೆ, ಶೂಟಿಂಗ್‌ಗೆಂದು ಉತ್ತರ ಕರ್ನಾಟಕದ ಕಡೆ ಬರುತ್ತಿದ್ದ ಶಂಕರ್ ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ಬಲಿಯಾದರು. ಅವರಿಗಿನ್ನೂ 35 ವರ್ಷ. ನಮ್ಮ ಕಿತ್ತೂರಿನ ಮಗ್ಗುಲಲ್ಲಿ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯೇ ಅದು. ತಾರೀಖು ಕೂಡಿಬಂದದ್ದು ಕಾಕತಾಳೀಯ ಬಿಡ್ರಿ. ಆದರೆ ಶಂಕರ್ ಫೋಟೋ ಇವತ್ತಿಗೂ ಇರೋದು ಹೊಟ್ಟೆಪಾಡಿಗೆ ಗಾಡಿ ಓಡಿಸುವವರ ಆಟೋಗಳ ಮೇಲೆ.

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇದು ಪಿಯುಸಿ ಪಾಠ. ಗಂಟೆಗೆ 40 ಕಿ.ಮೀ. ವೇಗದಲ್ಲಿ, ಒಣ ರಸ್ತೆಯ ಮೇಲೆ, ಬ್ರೇಕ್ ಹಿಡಿದ ಕಾರು ಸುಮಾರು 9 ಮೀಟರ್‌ನಲ್ಲಿ ನಿಲ್ಲುತ್ತದೆ ಅಂತ ಇಟ್ಟುಕೊಳ್ರಿ. 80ಕ್ಕೆ ಬೇಕಾಗೋದು 35 ಮೀಟರ್. ಕಾಲು ಬ್ರೇಕ್ ಮುಟ್ಟಲು ಒಂದು ಸೆಕೆಂಡ್ ತಗೊಂಡರೆ ಅಷ್ಟರಲ್ಲೇ ಇನ್ನೂ 22 ಮೀಟರ್ ಹೋಗಿರುತ್ತದೆ.

ಆ 57 ಮೀಟರ್‌ನಲ್ಲಿ ನಮ್ಮ ಕಡೆ ಏನೇನಿರುತ್ತದೆ? ಬೈಲಹೊಂಗಲ ರಸ್ತೆಯಲ್ಲಿ ಹಿಂದೆ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್. ರಾಮದುರ್ಗದ ಕಡೆ ಹೊಲದಿಂದ ಮನೆಗೆ ಹೊರಟ ಎತ್ತು, ಆಳು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು, ನಡಕೊಂಡು ಹೊರಟ ಮಂದಿ.

ಆ ಸಿನಿಮಾಗಳನ್ನು ಖಂಡಿತ ನೋಡ್ರಿ, ಚೆನ್ನಾಗಿವೆ. ಆಮೇಲೆ ‘ಆಕ್ಸಿಡೆಂಟ್’ ನೋಡ್ರಿ. ಬೈಕ್ ಕಿಲಿ ಕೈಗೆ ತಗೊಳ್ಳುವಾಗ ಎರಡನೆಯದು ನೆನಪಿರಲಿ.