ಕಪ್ಪು ಕೋಳಿಯ ಅಂತೆಕಂತೆ

ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಕೋಳಿ ನಮ್ಮ ಕಡೆಯ ಹಿತ್ತಿಲಿಗೆ ಬರುವ ಹೊತ್ತಿಗೆ ಅದರ ಹಿಂದೆ ಒಂದು ಪುರಾಣವೂ ಬಂದುಬಿಟ್ಟಿತ್ತು. ಮೊಟ್ಟೆ ಕಪ್ಪಂತೆ, ರಕ್ತವೂ ಕಪ್ಪಂತೆ, ರೋಗ ಹತ್ತಿರ ಸುಳಿಯುವುದಿಲ್ಲವಂತೆ. ನಾಲ್ಕು ಮರಿ ತರುವ ಮುನ್ನ ಇವನ್ನೆಲ್ಲ ಸ್ವಲ್ಪ ಕೆದಕಿ ನೋಡುವುದು ಒಳ್ಳೆಯದು.

ಮೊಬೈಲಿನಲ್ಲಿ ಹರಿದಾಡುವ ಕಪ್ಪು ಮೊಟ್ಟೆಯ ಚಿತ್ರ ಶುದ್ಧ ಸುಳ್ಳು. ಕಡಕ್‌ನಾಥ್ ಹ್ಯಾಟೆ ಇಡುವುದು ತಿಳಿ ಕಂದು ಛಾಯೆಯ ಸಣ್ಣ ಮೊಟ್ಟೆ. ನಾಟಿ ಮೊಟ್ಟೆಗಳ ಜೊತೆ ಬೆರೆಸಿಟ್ಟರೆ ಗುರುತು ಹಿಡಿಯುವುದು ಕಷ್ಟ. ರಕ್ತ ಕೆಂಪೇ, ಬಣ್ಣ ತುಸು ಗಾಢ. ಕಪ್ಪಾಗಿರುವುದು ಚರ್ಮ, ಮಾಂಸ, ಒಳಗಿನ ಅಂಗಗಳು, ಮೂಳೆಯ ಮೇಲಿನ ಪೊರೆ. ಕೋಳಿಯ 20ನೇ ವರ್ಣತಂತುವಿನ ಒಂದು ತುಣುಕು ಇಮ್ಮಡಿಯಾಗಿರುವುದರಿಂದ ಮೆಲನಿನ್ ತಯಾರಿಸುವ ಕೋಶಗಳು ಒಳಗಿನ ಅಂಗಾಂಶಗಳಿಗೂ ಹಬ್ಬಿಕೊಳ್ಳುತ್ತವೆ. ಚೀನಾದ ಸಿಲ್ಕಿ ಕೋಳಿಯದೂ ಇದೇ ಕತೆ. ಬಣ್ಣ ಬಣ್ಣವೇ, ಔಷಧವಲ್ಲ. ಮಾಂಸದಲ್ಲಿ ಕೊಬ್ಬು ಕಡಿಮೆ ಎನ್ನುವುದು ನಿಜ. ಕೊಲೆಸ್ಟ್ರಾಲೇ ಇಲ್ಲ ಎನ್ನುವುದು ಮಾರುವವನ ಮಾತು. ಕೊಲೆಸ್ಟ್ರಾಲ್ ಇಲ್ಲದ ಕೋಳಿ ಈ ಭೂಮಿ ಮೇಲಿಲ್ಲ.

ಇನ್ನು ರೋಗದ ಮಾತು. ಬಿಸಿಲು, ಚಳಿ, ಸಾಧಾರಣ ಮೇವು ಎಲ್ಲಕ್ಕೂ ಒಗ್ಗುವ ಗಟ್ಟಿ ಜಾತಿ, ಒಪ್ಪೋಣ. ಆದರೆ ಕೊಕ್ಕರೆ ರೋಗಕ್ಕೆ ಜಾತಿಯ ಹಂಗಿಲ್ಲ. ಮೊದಲ ವಾರದಲ್ಲೇ ಮರಿಯ ಕಣ್ಣಿಗೋ ಮೂಗಿಗೋ ಲಸೋಟ ಲಸಿಕೆಯ ಹನಿ ಬೀಳಬೇಕು, ಆಮೇಲೆ ಆರರಿಂದ ಎಂಟು ವಾರಕ್ಕೆ ಆರ್‌2ಬಿ ಚುಚ್ಚುಮದ್ದು. 2021ರ ಜನವರಿಯಲ್ಲಿ ಹಕ್ಕಿಜ್ವರ ಹಬ್ಬಿದಾಗ ಝಾಬುವಾದ ಕಡಕ್‌ನಾಥ್ ಫಾರಂ ಕೂಡ ಅದಕ್ಕೆ ತುತ್ತಾಯಿತು. ತವರುಮನೆಯಲ್ಲೇ ಹೀಗಾದರೆ ನಮ್ಮ ಹಿತ್ತಿಲಿಗೆ ಯಾವ ರಿಯಾಯಿತಿ?

'ಬಿಟ್ಟರೆ ಸಾಕು, ಹಿಂಡು ತಾನೇ ಬೆಳೆಯುತ್ತದೆ' ಎಂಬ ನಂಬಿಕೆಯೇ ಹೆಚ್ಚು ಜನರನ್ನು ನಿರಾಸೆಗೊಳಿಸುವುದು. ಈ ಹ್ಯಾಟೆಗೆ ಕಾವು ಕೂರುವ ಬುದ್ಧಿ ಬಹಳ ಕಡಿಮೆ. ಮೊಟ್ಟೆ ಇಟ್ಟು ಎದ್ದು ಹೋಗುತ್ತದೆ, ತಿರುಗಿಯೂ ನೋಡುವುದಿಲ್ಲ. ವರ್ಷಕ್ಕೆ ಸಿಗುವುದೂ ನೂರರ ಆಸುಪಾಸು ಮೊಟ್ಟೆ. ಕಾವಿನ ಸಮಸ್ಯೆಗೆ ಪರಿಹಾರ ನಮ್ಮ ಊರ ನಾಟಿ ಹ್ಯಾಟೆಯೇ. ಮಂಕರಿಯಲ್ಲಿ ಹುಲ್ಲು ಹಾಸಿ, ಕಾವಿಗೆ ಬಂದ ನಾಟಿ ಹ್ಯಾಟೆಯನ್ನು ಸಂಜೆ ಕತ್ತಲಾದ ಮೇಲೆ ಹತ್ತು ಹನ್ನೆರಡು ಕಡಕ್‌ನಾಥ್ ಮೊಟ್ಟೆಗಳ ಮೇಲೆ ಕೂರಿಸಿದರೆ ತಕರಾರು ಮಾಡುವುದಿಲ್ಲ. 21 ದಿನಕ್ಕೆ ಕಪ್ಪು ಮರಿಗಳು ಹೊರಬಂದಾಗ ಅವು ತನ್ನವಲ್ಲ ಎಂಬ ಅನುಮಾನವೂ ಅದಕ್ಕೆ ಬಾರದು. ಅಂದಹಾಗೆ, ಹುಂಜ ಇಲ್ಲದಿದ್ದರೆ ಹ್ಯಾಟೆ ಮೊಟ್ಟೆಯನ್ನೇ ಇಡುವುದಿಲ್ಲ ಎನ್ನುವವರೂ ಇದ್ದಾರೆ. ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ.

ಇದನ್ನು ಸಾಕಿದರೆ ಲಕ್ಷಾಧೀಶರಾಗಬಹುದು ಎಂಬ ಆಸೆಯ ಬೆಲೆ ಎಷ್ಟೆಂದು ಸಾಂಗ್ಲಿ ಕಡೆಯ ರೈತರನ್ನು ಕೇಳಬೇಕು. ಮರಿ ಕೊಟ್ಟು, ಕೋಳಿ ಮೊಟ್ಟೆ ತಾವೇ ಕೊಳ್ಳುತ್ತೇವೆಂದು ನಂಬಿಸಿದ ಒಪ್ಪಂದದ ಯೋಜನೆ 2019ರಲ್ಲಿ ಕುಸಿದು ಸಾವಿರಾರು ಜನ ಹಣ ಕಳೆದುಕೊಂಡರು.

ಕೊನೆಯದು ಅಸಲಿತನ. 2018ರಲ್ಲಿ ಸಿಕ್ಕ ಭೌಗೋಳಿಕ ಗುರುತು ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ. ಸಂತೆಯಲ್ಲಿ ಬುಟ್ಟಿಯೊಳಗೆ ಕೂತ ಕಪ್ಪು ಮರಿಗಳಿಗೆಲ್ಲ ಅಲ್ಲ. ಕಡಕ್‌ನಾಥ್ ಹುಂಜವನ್ನು ನಾಟಿ ಹ್ಯಾಟೆಗೆ ಕೂಡಿಸಿದರೂ ಹುಟ್ಟುವ ಎಷ್ಟೋ ಮರಿಗಳು ಕಪ್ಪಾಗಿಯೇ ಇರುತ್ತವೆ. ಹಾಗಾಗಿ ಮರಿಯ ಬಣ್ಣ ನೋಡಿ ದುಡ್ಡು ಎಣಿಸಬೇಡಿ. ಹುಂಜ, ಹ್ಯಾಟೆ ಇರುವ ಹಿಂಡನ್ನೇ ತೋರಿಸಿ ಎನ್ನಿ. ತೋರಿಸಲು ಹಿಂದೇಟು ಹಾಕುವವನ ಹತ್ತಿರ ವ್ಯಾಪಾರ ಬೇಡ.