ಹೇಳಿ ಮಾಡಿಸಿದ ಬೊಂಬೆ

ಅಂಗಡಿಯಲ್ಲಿ ಕಂಡ ವಸ್ತುವನ್ನು ಕೊಂಡು ತರುವುದಕ್ಕೂ, ಬೇಕಾದುದನ್ನು ಹೇಳಿ ಮಾಡಿಸುವುದಕ್ಕೂ ಬಹಳ ವ್ಯತ್ಯಾಸವುಂಟು. ಮೊದಲನೆಯದಕ್ಕೆ ಹಣವಿದ್ದರೆ ಸಾಕು. ಎರಡನೆಯದಕ್ಕೆ ತಾಳ್ಮೆಯೂ ಬೇಕು. ಪಟ್ಟದ ಬೊಂಬೆಗಳನ್ನು ಮಾಡಿಸಿದ ಗೃಹಸ್ಥರು ಇದನ್ನು ಚೆನ್ನಾಗಿ ಬಲ್ಲರು.

ಪಟ್ಟದ ಬೊಂಬೆಗಳು ಪ್ರಾಯ ತುಂಬಿದ ಗಂಡುಹೆಣ್ಣುಗಳ ಜೋಡಿ. ರಾಜ-ರಾಣಿಯರೆಂದು ಭಾವಿಸಿ, ನವರಾತ್ರಿಯಲ್ಲಿ ಅವರಿಗೆ ಹೊಸ ಉಡುಗೆ ತೊಡಿಸಿ ಮೇಲಿನ ಹಂತದಲ್ಲಿ ಕೂರಿಸುವರು. ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಮದುವೆಯಾದ ಮಗಳಿಗೆ ತವರಿನಿಂದ ಈ ಜೋಡಿಯನ್ನು ಕೊಡುವ ಪದ್ಧತಿಯುಂಟು.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ, ಕೋಟೆಬೆಟ್ಟದ ಅಡಿಯಲ್ಲಿದೆ ನಮ್ಮ ಮಿಡಿಗೇಶಿ. ಹಿಮ್ಮಡಿಯವರೆಗೆ ಕೇಶವಿದ್ದ ಒಬ್ಬ ಸ್ತ್ರೀಯಿಂದ ಊರಿಗೆ ಈ ಹೆಸರು ಬಂದಿತೆಂದು ಹೇಳುವುದುಂಟು. ನಮ್ಮ ಮನೆಯ ಹುಡುಗಿಗೆ ಮದುವೆ ನಿಶ್ಚಯವಾದಾಗ, ರಾಣಿಯ ಬೊಂಬೆಗೆ ಹಿಮ್ಮಡಿ ಮುಟ್ಟುವ ಜಡೆಯಿರಬೇಕೆಂದು ಅವಳು ಆಸೆಪಟ್ಟಳು. ಅಂತಹ ಜೋಡಿ ಯಾವ ಅಂಗಡಿಯಲ್ಲಿಯೂ ದೊರೆಯಲಿಲ್ಲ. ದೀಪಾವಳಿಯ ವೇಳೆಗೆ ದೂರದ ಊರಿನ ಕೆತ್ತನೆಗಾರರೊಬ್ಬರಿಗೆ, ಒಂದೊಂದು ಅಡಿ ಎತ್ತರದ ರಕ್ತಚಂದನದ ಬೊಂಬೆಗಳನ್ನು ಹೇಳಿದೆವು.

ಮಾಘ ಕಳೆಯಿತು, ಬೊಂಬೆಗಳು ಬರಲಿಲ್ಲ. ಕೇಳಿದರೆ, "ಮರ ಇನ್ನೂ ಆರಿಲ್ಲ" ಎಂಬ ಉತ್ತರ. ಇದು ನೆಪವೆಂದು ತೋರಬಹುದು. ಆದರೆ ಮರದ ಸ್ವಭಾವವೇ ಹಾಗೆ. ಹಸಿಯ ಮರದ ಹೊರಭಾಗವು ಬೇಗ ಒಣಗಿ ಕುಗ್ಗುವುದು. ಒಳಭಾಗದಲ್ಲಿ ತೇವವಿದ್ದು ಅದು ಕುಗ್ಗುವುದಿಲ್ಲ. ಈ ಎಳೆದಾಟದಲ್ಲಿ ಮರ ಸೀಳುವುದು. ಅವಸರದಲ್ಲಿ ಕೆತ್ತಿದ ಮುಖದ ಮೇಲೆ ಒಂದು ಬೇಸಗೆಯಲ್ಲಿಯೇ ಬಿರುಕು ಕಾಣಬಹುದು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ದೂರದ ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಆಟಿಕೆಗಳಿಗೆ ಬಳಸುವ ಹಾಲೆಮರ ಮೃದುವಾದುದು. ಅದನ್ನು ಕೂಡ ತಿಂಗಳುಗಟ್ಟಲೆ ಆರಿಸಿದ ಮೇಲೆಯೇ ಚರಕಿಗೆ ಹಾಕುವರು. ಹೀಗಿರುವಾಗ ನೀರಿನಲ್ಲಿ ಮುಳುಗುವಷ್ಟು ಭಾರವಾದ ರಕ್ತಚಂದನದ ಮಾತೇನು?

ಮರ ದೊರೆಯುವುದೂ ಸುಲಭವಲ್ಲ. ಆಂಧ್ರದ ಕಡಪ, ತಿರುಪತಿ, ಚಿತ್ತೂರು ಕಡೆಯ ಬೆಟ್ಟಗಳಲ್ಲಿ ಬೆಳೆಯುವ ಈ ವೃಕ್ಷದಲ್ಲಿ ಕೆಂಪು ತಿರುಳು ಬಲಿಯಲು ದಶಕಗಳೇ ಬೇಕು. ಕಳ್ಳಸಾಗಣೆಯಿಂದ ಕಾಡು ಬರಿದಾಗುತ್ತ ಬಂದುದರಿಂದ 1995ರಲ್ಲಿ ಇದರ ವ್ಯಾಪಾರ ಅಂತರರಾಷ್ಟ್ರೀಯ ನಿಯಮಕ್ಕೆ ಒಳಪಟ್ಟಿತು. ನ್ಯಾಯವಾಗಿ ಕೆಲಸಮಾಡುವವನು ರಸೀದಿಯುಳ್ಳ ಮರಕ್ಕಾಗಿ ಕಾಯಲೇಬೇಕು.

ವೈಶಾಖದ ಮುಹೂರ್ತ ಸಮೀಪಿಸಿತು. ಹುಡುಗಿಯ ತಾಯಿಗೆ ದಿಗಿಲು. ಮಗಳನ್ನು ಬೊಂಬೆಯಿಲ್ಲದೆ ಕಳುಹಿಸಿದರೆ ಬೀಗರ ಮನೆಯವರು ಏನೆಂದುಕೊಂಡಾರು? ಬೆಂಗಳೂರಿನಿಂದ ಯಾವುದಾದರೊಂದು ಜೋಡಿ ತಂದುಬಿಡೋಣವೆಂದು ಕೆಲವರು ಹೇಳಿದರು. ಆಗ ಮನೆಯ ಅಜ್ಜಿ, "ಮದುವೆ ಒಂದು ದಿನದ್ದಮ್ಮ, ಬೊಂಬೆ ಅವಳ ಮೊಮ್ಮಕ್ಕಳ ಕಾಲಕ್ಕೂ ಇರಬೇಕಾದ್ದು" ಎಂದು ಹೇಳಿ, ತಮ್ಮ ಧಾರೆಯ ಸೀರೆಯ ಅಂಚನ್ನು ಬಿಚ್ಚಿಕೊಟ್ಟರು. ಅಳತೆ ಮೊದಲೇ ಗೊತ್ತಿದ್ದುದರಿಂದ ಮನೆಯ ಹೆಂಗಸರು ರಾಣಿಗೆ ಸೀರೆಯನ್ನೂ ರಾಜನಿಗೆ ಅಂಗಿ, ಪೇಟಗಳನ್ನೂ ಹೊಲಿದರು. ಆ ಉಡುಗೆಗಳ ಪೆಟ್ಟಿಗೆ ಮಾತ್ರ ಹುಡುಗಿಯ ಸಂಗಡ ಹೋಯಿತು. ಅವಳ ಅತ್ತೆಯವರು ಅದನ್ನು ತೆರೆದು ನೋಡಿ, ದಸರೆಗೆ ಹಂತ ಕಟ್ಟಿ ಕಾಯುವೆವೆಂದು ಹೇಳಿಕಳುಹಿಸಿದರಂತೆ. ಭಾದ್ರಪದದ ಕೊನೆಯಲ್ಲಿ ಬೊಂಬೆಗಳು ಬಂದವು. ಜಡೆ ಹಿಮ್ಮಡಿಯನ್ನು ಮುಟ್ಟುತ್ತಿತ್ತು. ಉಡುಗೆ ಸರಿಯಾಗಿ ಒಪ್ಪಿತು.

ಬೊಂಬೆ ಮಾಡಿಸಬೇಕೆಂದಿರುವ ಗೃಹಿಣಿಯರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡತಕ್ಕದ್ದು. ಒಂದು ವರ್ಷ ಮುಂಚೆಯೇ ಹೇಳಬೇಕು. ಎತ್ತರ, ಜಡೆ, ನಿಲುವುಗಳನ್ನು ಕಾಗದದ ಮೇಲೆ ಬರೆದುಕೊಡಬೇಕು. ರಕ್ತಚಂದನವಾದರೆ ರಸೀದಿ ಕೇಳಬೇಕು. ದೊರೆಯದಿದ್ದರೆ ಚೆನ್ನಾಗಿ ಆರಿದ ಬೇರೆ ಮರವೇ ಲೇಸು. ಬೊಂಬೆ ಬಂದ ಮೇಲೆ ಬಿಸಿಲಿಗೂ ನೀರಿಗೂ ಒಡ್ಡದೆ, ಒಣಬಟ್ಟೆಯಿಂದ ಒರೆಸಿ, ಹಳೆಯ ಹತ್ತಿಯ ಸೀರೆಯಲ್ಲಿ ಸುತ್ತಿಡಬೇಕು.