ಗಾಳಿ ತಿರುಗುವ ಮುನ್ನ ಲಂಗರು

ಕೈವಾರ, ಚಿಂತಾಮಣಿ ಕಡೆ ಆಷಾಢದ ಗಾಳಿ ಎದ್ದರೆ ಹೊಲದ ಮಣ್ಣು ಹಾರುತ್ತದೆ. ಅದೇ ನೈರುತ್ಯದ ಗಾಳಿ ಘಟ್ಟ ಹತ್ತುವ ಮುನ್ನ ಕಾರವಾರದ ಕಡಲನ್ನು ಬುಡಸಮೇತ ಕಲಕಿ ಬಂದಿರುತ್ತದೆ. ಆಗ ದೋಣಿಗೆ ದಿಕ್ಕು ಅಲ್ಲಿನ ಬೈತಕೋಲ ಬಂದರು. ದಕ್ಷಿಣಕ್ಕೆ ಗುಡ್ಡ ಅಡ್ಡ ನಿಂತಿರುವುದರಿಂದ ನೈರುತ್ಯದ ಗಾಳಿಯೂ ಅಲೆಯೂ ಅಲ್ಲಿಗೆ ಸೊರಗಿ ಬರುತ್ತವೆ.

ಚಳಿಗಾಲದ ಲೆಕ್ಕ ಬೇರೆ. ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಮೂಡುಗಾಳಿ. ಮಧ್ಯಾಹ್ನ ಕಳೆದರೆ ವಾಯವ್ಯದಿಂದ ಕಡಲಗಾಳಿ. ಲಂಗರು ಹಾಕಿದ ಹಾಯಿದೋಣಿ ಸಾಮಾನ್ಯವಾಗಿ ಗಾಳಿಗೆ ಮುಖ ಕೊಟ್ಟು ನಿಲ್ಲುತ್ತದೆ. ಹಾಗಾಗಿ ಬೆಳಿಗ್ಗೆ ಆಳದ ಕಡೆಗಿದ್ದ ಅದರ ಹಿಂಬದಿ ಸಂಜೆಗೆ ದಡದ ಬಂಡೆಗಳ ಕಡೆಗೆ ತಿರುಗಿರುತ್ತದೆ. ಬೆಳಿಗ್ಗೆ ಕೆರೆಯಂತೆ ಮಲಗಿದ್ದ ನೀರನ್ನು ನಂಬಿ ದಡಕ್ಕೆ ಒತ್ತಿ ನಿಂತವರಿಗೆ ಆಗ ಆಪತ್ತು. ಜಾಗ ಆರಿಸುವಾಗ ಈಗ ಬೀಸುತ್ತಿರುವ ಗಾಳಿಗಿಂತ ಮುಂದೆ ಬರಲಿರುವ ಗಾಳಿಯನ್ನೇ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

1498ರಲ್ಲಿ ವಾಸ್ಕೋ ಡ ಗಾಮ ಹಿಂದಿರುಗುವ ಹಾದಿಯಲ್ಲಿ ನಿಂತದ್ದು ಇಲ್ಲೇ ಹತ್ತಿರದ ಅಂಜದೀವದಲ್ಲಿ. ಕುಡಿಯುವ ನೀರು ತುಂಬಿಸಿಕೊಂಡು, ಹಡಗಿನ ತಳ ಕೆರೆದು ಸ್ವಚ್ಛ ಮಾಡಿಸಿದ. ದ್ವೀಪ ಪಡುವಣ ಕಡಲಿಗೆ ಬೆನ್ನು ಕೊಟ್ಟಿರುವುದರಿಂದ ಒಳಬದಿಯಲ್ಲಿ ಮರೆಯಿದೆ. ಈಗ ಅದು ನೌಕಾಪಡೆಯ ವಶದಲ್ಲಿದೆ. ವಿಹಾರದ ದೋಣಿಗೆ ಆ ಮರೆ ಸಿಗದು.

ಜಾಗ ಸಿಕ್ಕರೂ ಸರಪಳಿಯಲ್ಲಿ ಜಿಪುಣತನ ಕೂಡದು. ನೀರು 5 ಮೀಟರ್, ದೋಣಿಯ ಮೂತಿಯ ಎತ್ತರ 1 ಮೀಟರ್, ಉಬ್ಬರಕ್ಕೆ ಇನ್ನು 2 ಮೀಟರ್ ಎಂದಿಟ್ಟುಕೊಂಡರೆ ಒಟ್ಟು 8. ಅದರ ಐದು ಪಟ್ಟು, ಅಂದರೆ 40 ಮೀಟರ್ ಸರಪಳಿ ಬಿಡಬೇಕು. ಗಾಳಿ ಜೋರಾದರೆ ಏಳು ಪಟ್ಟು, 56 ಮೀಟರ್. ಸರಪಳಿ ಉದ್ದವಿದ್ದಷ್ಟೂ ಎಳೆತ ನೆಲಕ್ಕೆ ಸಮನಾಗಿ ಬಿದ್ದು ಲಂಗರಿನ ಕೊಕ್ಕೆ ಕೆಸರಿನೊಳಗೆ ಇಳಿಯುತ್ತದೆ. ಗಿಡ್ಡವಾದರೆ ಲಂಗರು ಮೇಲೆದ್ದು ಜಾರುತ್ತದೆ. ಎಂಜಿನ್ ಹಿಂದಕ್ಕೆ ಓಡಿಸಿ ಒಮ್ಮೆ ಎಳೆದು ನೋಡಿದರೆ ಕಚ್ಚಿದೆಯೋ ಇಲ್ಲವೋ ಗೊತ್ತಾಗುತ್ತದೆ. ಆಮೇಲೆ ದಡದಲ್ಲಿ ಒಂದರ ಹಿಂದೊಂದು ಕಾಣುವ ಎರಡು ಗುರುತು, ಒಂದು ಮರ ಮತ್ತು ಅದರ ಹಿಂದಿನ ಗುಡ್ಡದ ತುದಿ, ನೋಡಿಟ್ಟುಕೊಳ್ಳಬೇಕು. ಗಾಳಿ ಬದಲಾಗದೆ ಅವೆರಡೂ ಒಂದರಿಂದೊಂದು ದೂರ ಸರಿಯತೊಡಗಿದರೆ ಲಂಗರು ಬಿಟ್ಟಿದೆ ಎಂದರ್ಥ. ಗಾಳಿ ತಿರುಗಿದರೆ ಹೊಸ ಗುರುತು ಹಿಡಿಯಬೇಕು.

2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಹೊರರಾಜ್ಯದ ಮೀನುಗಾರಿಕಾ ದೋಣಿಗಳೂ ಕಾರವಾರಕ್ಕೆ ಓಡಿಬಂದವು. ಅಂಥ ದಟ್ಟಣೆಯಲ್ಲಿ ಉದ್ದ ಸರಪಳಿಯ ದೋಣಿ ದೊಡ್ಡ ಸುತ್ತು ಹೊಡೆಯುತ್ತದೆ, ಗಿಡ್ಡದ್ದು ಸಣ್ಣ ಸುತ್ತು. ಗಾಳಿ ತಿರುಗಿದ ಕ್ಷಣ ಒಂದಕ್ಕೊಂದು ಡಿಕ್ಕಿ. ತಡವಾಗಿ ಬಂದವರು ಪಕ್ಕದವರನ್ನು ಕೂಗಿ ಕೇಳಲೇಬೇಕಾದ ಮಾತು ಒಂದೇ: ಎಷ್ಟು ಸರಪಳಿ ಬಿಟ್ಟಿದ್ದೀರಿ?